ಉಪಾಧ್ಯರ ಜಲಾಂತರ್ಗಾಮಿ

ನಮ್ಮ ವಡಪಳನಿ ವಠಾರದ ವಾಮನ ಉಪಾಧ್ಯರು ಟಿ. ನಗರದ ಹೋಟೆಲೊಂದರಲ್ಲಿ ಅಡುಗೆಭಟ್ಟರು. ಮಧ್ಯಾಹ್ನದ ಬಿಡುವಿನಲ್ಲಿ ಹಳೆಯ ಮದುವೆ ಕಾರ್ಡುಗಳನ್ನು ಕತ್ತರಿಸಿ, ಮೈದಾ ಅಂಟು ಹಚ್ಚಿ ಜಲಾಂತರ್ಗಾಮಿಯ ಮಾದರಿ ಕಟ್ಟುತ್ತಾರೆ. ಪತ್ರಿಕೆಯಲ್ಲಿ ಬಂದ ಚಿತ್ರ ನೋಡಿ ಪೆರಿಸ್ಕೋಪ್, ಟಾರ್ಪೆಡೊ, ಮಲಗುವ ಹಲಗೆ ಎಲ್ಲವನ್ನೂ ಅಳತೆಗೆ ಸರಿಯಾಗಿಯೇ ಮಾಡುತ್ತಾರೆ. ಅಡುಗೆಮನೆ ಮಾತ್ರ ಎರಡು ಪಾಲು ದೊಡ್ಡದು. "ಅಷ್ಟು ಜನಕ್ಕೆ ಆ ಗೂಡಿನಲ್ಲಿ ಅನ್ನ ಬಸಿಯುವುದು ಹೇಗೆ?" ಎನ್ನುತ್ತಾರೆ. "ಇದು ಹೋಗುವುದು ಯುದ್ಧಕ್ಕೋ, ಮದುವೆ ಊಟಕ್ಕೋ?" ಎಂದು ಹೆಂಡತಿ ಜಲಜಮ್ಮ ಛೇಡಿಸುತ್ತಾರೆ. ಅವರ ಒಬ್ಬನೇ ಮಗ ನೌಕಾಪಡೆಯ ಜಲಾಂತರ್ಗಾಮಿಯಲ್ಲಿದ್ದಾನೆ, ದೀಪಾವಳಿಯಿಂದ ಸುದ್ದಿಯಿಲ್ಲ. ಮೊನ್ನೆ ಮಾದರಿ ಮುಗಿಯಿತು. ಮೇಲಿನ ಮುಚ್ಚಳಕ್ಕೆ ಮಾತ್ರ ಅವರು ಅಂಟು ಹಚ್ಚಲಿಲ್ಲ. ಮರೆತಿರೇನೋ ಎಂದು ಜಲಜಮ್ಮ ಕೇಳಿದಾಗ ಮೆಲ್ಲಗೆ ಹೇಳಿದರು: "ಇರಲಿ ಮಾರಾಯ್ತಿ, ಅವನಿಗೆ ಹೊರಗೆ ಬರಲಿಕ್ಕೆ ದಾರಿ ಬೇಡವೋ?"