ಸೋದರಮಾವನ ಅಪ್ಪಣೆ

ಎಮ್ಮೆದೊಡ್ಡಿಯ ಅಂಬಮ್ಮ ಎಡಗಾಲು ಎಳೆದುಕೊಂಡು ನಡೆಯುತ್ತಿದ್ದಳು. ಹುಟ್ಟಿನಿಂದ ಹಾಗಿರಲಿಲ್ಲ. ಹದಿಮೂರಕ್ಕೆ ಮದುವೆ, ಹದಿನೈದಕ್ಕೆ ಹೆರಿಗೆ. ಎಪ್ಪತ್ತೊಂದನೇ ಇಸವಿ ಅದು. ಎರಡು ದಿನ ನೋವು ತಿಂದಳು. ಮೂರನೇ ದಿನ ಎತ್ತಿನ ಗಾಡಿಯಲ್ಲಿ ಕಡೂರಿನ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಕೂಸು ಸತ್ತಿತ್ತು, ತಾಯಿಯ ಪಾದ ಜೋತುಬಿದ್ದಿತ್ತು. ಎಳೆಯ ಮೈಯಲ್ಲಿ ಕೂಸಿನ ತಲೆ ಅಷ್ಟು ಹೊತ್ತು ಸಿಕ್ಕಿಕೊಂಡರೆ ಕಾಲಿನ ನರ ಜಜ್ಜಿಹೋಗುತ್ತದೆ ಎಂದರು ಡಾಕ್ಟರು. ಗಾಳಿ ಸೋಕಿದೆ ಎಂದಿತು ಊರು. ಗಾಳಿಗೆ ಕೋಳಿ ಕೊಯ್ದರು. ಕೋಳಿ ಹೋಯಿತು, ಕಾಲು ಬರಲಿಲ್ಲ. ಮರುವರ್ಷವೇ ಈಶ್ವರಮ್ಮ ಹುಟ್ಟಿದಳು. ಅವಳು ಉಳಿದಳು, ಅಂಬಮ್ಮನೂ ಉಳಿದಳು.

ಎಂಬತ್ತಾರರಲ್ಲಿ ಆ ಈಶ್ವರಮ್ಮನಿಗೆ ಹದಿನಾಲ್ಕು. ಸಖರಾಯಪಟ್ಟಣದ ಹೈಸ್ಕೂಲಿನಲ್ಲಿ ಎಂಟನೇ ಕ್ಲಾಸು. ಹುಡುಗಿಯ ಮದುವೆಗೆ ಹದಿನೆಂಟು ತುಂಬಬೇಕೆಂದು ಕಾನೂನಾಗಿ ಎಂಟು ವರ್ಷವಾಗಿತ್ತು. ಸರ್ಕಾರದ ಪ್ರಚಾರದ ಕೆಲಸದ ನಾವು ಜೀಪಿಗೆ ಮೈಕು ಕಟ್ಟಿಕೊಂಡು ಊರೂರಲ್ಲಿ ಅದನ್ನು ಕೂಗಿದ್ದೆವು. ಜನ ಚಪ್ಪಾಳೆ ತಟ್ಟಿದರು, ಮನೆಗೆ ಹೋಗಿ ಎಳೆಯ ಹೆಣ್ಣುಮಕ್ಕಳ ನಿಶ್ಚಯಕ್ಕೆ ವೀಳ್ಯ ಹಿಡಿದರು. ಮೈಕು ಹಿಡಿದವರಲ್ಲಿ ನಾನೂ ಒಬ್ಬ. ಈಶ್ವರಮ್ಮನ ವೀಳ್ಯಶಾಸ್ತ್ರಕ್ಕೆ ಕರೆದಾಗ ಬಾಯಿ ಮುಚ್ಚಿಕೊಂಡು ಹೋಗಿ ಚಾಪೆಯ ಮೇಲೆ ಕೂತವರಲ್ಲೂ ನಾನು ಒಬ್ಬ.

ಆ ಸುದ್ದಿ ಅಂಬಮ್ಮನಿಗೆ ಗೊತ್ತಾದದ್ದು ಹಿಂದಿನ ದಿನ ಸಂಜೆ. ಅತ್ತೆ ದ್ಯಾವಮ್ಮ ಬೇಳೆಯ ಮೊರ ಮುಂದಿಟ್ಟು, "ಒಬ್ಬಟ್ಟಿಗೆ ಹಸನು ಮಾಡೇ. ಬುಕ್ಕಾಂಬುಧಿ ಈರಪ್ಪನ ಕಡೆಯೋರು ನಾಳೆ ಮೂರು ಗಂಟೆಗೆ ಬತ್ತಾರೆ. ನಮ್ ಈಸ್ರಿಗೆ ಗಂಡು ಗೊತ್ತಾಯ್ತು" ಎಂದಳು.

"ನನ್ನ ಕೇಳಿದ್ರಾ?"

ಗಂಡ ಗಿಡ್ಡಪ್ಪ ಬೀಡಿ ಹಚ್ಚುತ್ತಾ, "ನಿನ್ನ ಮದುವೇಲಿ ನಿಮ್ಮವ್ವನ್ನ ಯಾರಾದ್ರೂ ಕೇಳಿದ್ರಾ?" ಎಂದ.

"ನನ್ನ ತಮ್ಮ ಲಕ್ಕಣ್ಣನಿಗೆ ಹೇಳಿ ಕಳ್ಸಿದ್ರಾ?"

ಗಿಡ್ಡಪ್ಪ ಹೊಗೆ ಬಿಟ್ಟ.

ಅಲ್ಲೇ ಅವನು ಎಡವಿದ್ದು. ನಮ್ಮ ಕಡೆ ತಟ್ಟೆ ಬದಲಾಯಿಸುವ ಮುಂಚೆ ಊರ ಯಜಮಾನ ಒಂದು ಮಾತು ಕೇಳುತ್ತಾನೆ: ಸೋದರಮಾವನ ಅಪ್ಪಣೆ ಐತಾ? ಹುಡುಗಿಯನ್ನು ಕಟ್ಟಿಕೊಳ್ಳುವ ಮೊದಲ ಹಕ್ಕು ತಾಯಿಯ ಒಡಹುಟ್ಟಿದವನದು. ಅವನು "ಐತೆ" ಎಂದು ಕಾಯಿ ತೆಗೆದುಕೊಂಡರೆ ಹಕ್ಕು ಬಿಟ್ಟ ಹಾಗೆ. ಯಾರೂ ಇಲ್ಲವೆನ್ನುವುದಿಲ್ಲ, ಅದಕ್ಕೇ ಆ ಪ್ರಶ್ನೆಗೆ ಯಾರೂ ಹೆದರುವುದೂ ಇಲ್ಲ. ಲಕ್ಕಣ್ಣ ಬಂದರೆ ತಕರಾರು ಎಂದು ಗಿಡ್ಡಪ್ಪ ಅಂಬಮ್ಮನ ದೂರದ ಚಿಕ್ಕಪ್ಪನೊಬ್ಬನಿಗೆ ಹೊಸ ಪಂಚೆ ಕೊಡಿಸಿ, "ಐತೆ" ಎನ್ನುವುದಕ್ಕೆ ಗೊತ್ತುಮಾಡಿದ್ದ.

ಬೆಳಿಗ್ಗೆ ಬೇಳೆ ಬೇಯಲಿಲ್ಲ. ಅಂಬಮ್ಮ ಮೊದಲನೇ ಬಸ್ಸಿಗೆ ಕಡೂರು, ಅಲ್ಲಿಂದ ಇನ್ನೊಂದು ಬಸ್ಸಿಗೆ ತರೀಕೆರೆ. ಬಸ್‌ಸ್ಟ್ಯಾಂಡಿನಿಂದ ಲಕ್ಕಣ್ಣನ ಸೈಕಲ್ ಶಾಪಿಗೆ ಕಾಲು ಎಳೆದುಕೊಂಡೇ ಓಡಿದಳು. ಅವನು ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ನೋಡುತ್ತಿದ್ದ. ಇಪ್ಪತ್ತಾರು ವರ್ಷದ ಹುಡುಗ, ಇನ್ನೂ ಮದುವೆಯಿಲ್ಲ.

"ಏನಕ್ಕಾ, ಯಾರಾದ್ರೂ ಸತ್ರಾ?"

"ಈಸ್ರಿನ ಕೊಡ್ತಾವರೆ. ಇವತ್ತೇ ವೀಳ್ಯ. ಬಂದು ಹಕ್ಕು ಹೇಳು."

ಲಕ್ಕಣ್ಣನ ಕೈಯಿಂದ ಟ್ಯೂಬು ಜಾರಿತು. "ಥೂ! ನಾನು ಎತ್ಕಂಡು ಆಡಿಸಿದ ಮಗು ಕಣಕ್ಕ ಅದು."

"ಕಟ್ಕ ಅಂದ್ನೇನೋ ಕೋತಿ? ಹಕ್ಕು ಹೇಳು ಅಂದೆ. ಹೇಳಿ ಬಿಗಿಯಾಗಿ ಹಿಡ್ಕ. ಅವಳಿಗೆ ಬುದ್ಧಿ ಬರೋವರೆಗೂ ಬಿಡಬ್ಯಾಡ."

"ಇಲ್ಲಿ ಕೋಡಿಕ್ಯಾಂಪಿನಲ್ಲಿ ನಂಗೊಂದು ಹೆಣ್ಣು ನೋಡವ್ರೆ ಅಕ್ಕಾ. ಒಪ್ಪಿಗೇನೂ ಆಗೈತೆ."

ಅಂಬಮ್ಮ ಜಾರಿದ ಟ್ಯೂಬನ್ನು ಎತ್ತಿ ಪಕ್ಕಕ್ಕಿಟ್ಟಳು. ಆಮೇಲೆ ಅಂದಳು: "ನಿನ್ನ ಮದುವೆ ತಪ್ಪಿದ್ರೆ ಇನ್ನೊಂದು ಸಿಗ್ತದೆ. ಅವಳ ಮೈ ಕೆಟ್ರೆ ಇನ್ನೊಂದು ಸಿಗಲ್ಲ."

ಲಕ್ಕಣ್ಣ ಕೈ ಒರೆಸಿಕೊಂಡ. ಪಂಕ್ಚರ್ ಹಾಕಿಟ್ಟಿದ್ದ ಯಾರದೋ ಲೂನಾ ಮೇಲೆ ಅಕ್ಕನನ್ನು ಕೂರಿಸಿಕೊಂಡು ಹೊರಟೇಬಿಟ್ಟ. ದಿಬ್ಬ ಬಂದಾಗೆಲ್ಲ ಅವನು ಪೆಡಲು ತುಳಿಯುವುದು, ಅವಳು ಹಿಂದಿನಿಂದ ಬೆನ್ನು ಗುದ್ದುವುದು. "ಲೇ, ನಿನ್ನ ಗಾಡಿಗಿಂತ ನನ್ನ ಕುಂಟುಕಾಲೇ ಜೋರು ಕಣೋ!" ಬೀರೂರಿನಲ್ಲಿ ಪೆಟ್ರೋಲು ಖಾಲಿ. ಕಡೂರು ದಾಟಿದ ಮೇಲೆ ಚೈನು ಕಳಚಿತು. ಹುಲ್ಲುಗಾವಲಿನ ದನ ರಸ್ತೆಗೆ ಅಡ್ಡ ನಿಂತಾಗ ಅಂಬಮ್ಮ ಇಳಿದು, ಬಾಯಿಗೆ ಬಂದ ಬೈಗುಳವನ್ನೆಲ್ಲ ಬೈದು ದಾರಿ ಮಾಡಿದಳು.

ಇತ್ತ ಎಮ್ಮೆದೊಡ್ಡಿಯ ಚಪ್ಪರದಲ್ಲಿ ಊರ ಯಜಮಾನ ಈರಭದ್ರಪ್ಪ ಗಂಟಲು ಸರಿಮಾಡಿಕೊಂಡು, "ಸೋದರಮಾವನ ಅಪ್ಪಣೆ ಐತಾ?" ಎಂದ.

ಹೊಸ ಪಂಚೆಯ ಚಿಕ್ಕಪ್ಪ ಬಾಯಿ ತೆರೆದ.

"ಇಲ್ಲ!"

ಬಾಗಿಲಲ್ಲಿ ಲಕ್ಕಣ್ಣ. ಹುಬ್ಬಿನವರೆಗೆ ಧೂಳು. ಚಿಕ್ಕಪ್ಪ ಬಾಯಿ ಮುಚ್ಚಿಕೊಂಡ. ಗಿಡ್ಡಪ್ಪ ಎದ್ದುನಿಂತ. ತಟ್ಟೆ ಹಿಡಿದಿದ್ದ ಗಂಡಿನ ತಂದೆ ಈರಪ್ಪ ಕೆರಳಿದ: "ಯಾರಪ್ಪ ಇವ್ನು?"

"ನಾನೇ ಕಣಪ್ಪ ಸೋದರಮಾವ. ನನಗೆ ಹೇಳ್ದೆ ಕೇಳ್ದೆ ನನ್ನ ಹೆಣ್ಣು ಕೊಡ್ತೀರಾ?"

"ಹಂಗಾರೆ ಕಟ್ಕಳಯ್ಯ, ಈಗ್ಲೇ! ಅಕ್ಕಿ ಕಾಳು ಇಲ್ಲೇ ಐತೆ" ಎಂದ ಈರಪ್ಪ.

ಎಲ್ಲರ ಕಣ್ಣೂ ಲಕ್ಕಣ್ಣನ ಮೇಲೆ. ಅವನು ಹುಬ್ಬಿನ ಧೂಳು ಒರೆಸಿಕೊಂಡ. ಆಮೇಲೆ, "ಕಟ್ಕತೀನಿ. ಆದ್ರೆ ನಾನು ಪೇಟೇಲಿ ಅಂಗಡಿ ಇಟ್ಟೋನು. ನನ್ನ ಹೆಂಡ್ತಿ ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು. ಅಲ್ಲೀಗಂಟ ಕಾಯ್ತೀನಿ. ಹಕ್ಕು ನಂದು ಅಂದ್ಮೇಲೆ ಮದುವೆ ದಿನಾನೂ ನಂದೇ ಅಲ್ವಾ ಯಜಮಾನ್ರೇ?" ಎಂದ.

ಈರಭದ್ರಪ್ಪ ತಲೆ ಕೆರೆದುಕೊಂಡ. ಇಷ್ಟು ವರ್ಷ ಕಟ್ಟಳೆ ಕಟ್ಟಳೆ ಎಂದು ಊರನ್ನು ಆಡಿಸಿದ ಮನುಷ್ಯ. ಅದೇ ಕಟ್ಟಳೆ ಎದುರಿಗೆ ಬಂದು ನಿಂತಿತ್ತು. "ಅದು... ಹೌದಪ್ಪ. ದಿನ ಅವನ್ದೇ" ಎಂದ.

ದ್ಯಾವಮ್ಮನಿಗೆ ಉರಿಯಿತು. ಸೊಸೆಯ ಕಡೆ ತಿರುಗಿ, "ಎಲ್ಲಾ ನಿಂದೇ ಆಟ ಕಣೇ! ಈ ವಯಸ್ಸಿಗೆ ನಾವೆಲ್ಲ ಹೆರಲಿಲ್ವಾ?" ಎಂದು ಕೂಗಿದಳು.

ಅಂಬಮ್ಮ ನಡುಚಪ್ಪರಕ್ಕೆ ಬಂದು ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ನಿಂತಳು. ಬತ್ತಿದ ಮೀನಖಂಡ, ಜೋತುಬಿದ್ದ ಪಾದ. ಬೀಗರು, ಹಿರಿಯರು, ಗಂಡಸರು ಎಂಬ ಯಾವ ಲಜ್ಜೆಯೂ ಇಲ್ಲ.

"ಹೆತ್ವಿ ಅತ್ತೆ. ನಾನು ಹೆತ್ತು ಹೂತೆ. ನೀವೆಷ್ಟು ಹೂತ್ರಿ? ಹೇಳಿ ಎಲ್ರ ಮುಂದೆ."

ದ್ಯಾವಮ್ಮ ಸೆರಗು ಹಿಂಡಿದಳು. "ಮೂರು" ಎಂದಳು ಕೊನೆಗೆ. ಒಳಬಾಗಿಲಲ್ಲಿ ನಿಂತಿದ್ದ ಹೆಂಗಸರಲ್ಲಿ ಒಬ್ಬಳು ಯಾರೂ ಕೇಳದೆಯೇ "ನಂದೆರಡು" ಎಂದಳು. "ನನ್ನ ತಂಗಿ ಹದಿನಾರಕ್ಕೆ ಹೆರೋಕೆ ಹೋದೋಳು ಎದ್ದೇ ಬರಲಿಲ್ಲ" ಎಂದಳು ಇನ್ನೊಬ್ಬಳು. ನಮ್ಮ ಮೈಕು ಎಂಟು ವರ್ಷದಲ್ಲಿ ಹೇಳದ್ದು ಮೂರು ಮಾತಿನಲ್ಲಿ ಮುಗಿದುಹೋಯಿತು. ಈರಪ್ಪನ ಕಡೆಯವರು ತಟ್ಟೆ ಎತ್ತಿಕೊಂಡು, ಒಬ್ಬಟ್ಟೂ ಇಲ್ಲದೆ, ಬೈಯುತ್ತಾ ಹೊರಟರು.

ಇದರ ಬೆಲೆ ತೆತ್ತವನು ಲಕ್ಕಣ್ಣ. ಸುದ್ದಿ ತರೀಕೆರೆ ಮುಟ್ಟಿತು, ಕೋಡಿಕ್ಯಾಂಪಿನ ಹೆಣ್ಣನ್ನು ಅವಳಪ್ಪ ಬೇರೆ ಕಡೆ ಕೊಟ್ಟ. ಲೂನಾದವನು ಕೆನ್ನೆಗೆ ಬಾರಿಸಿದ್ದು ಬೇರೆ. ಗಿಡ್ಡಪ್ಪ ಪ್ರತಿವರ್ಷ ಹೋಗಿ "ಕಟ್ಕತೀಯೋ, ಬಿಡ್ತೀಯೋ?" ಎನ್ನುವನು. "ಪಾಸಾಗ್ಲಿ ಭಾವ" ಎಂದು ಲಕ್ಕಣ್ಣ ಗಾಳಿ ಹೊಡೆಯುವನು. ಈಶ್ವರಮ್ಮ ಎಂಬತ್ತೊಂಬತ್ತರ ಮಾರ್ಚಿನಲ್ಲಿ ಗಣಿತದಲ್ಲಿ ಫೇಲಾದಳು. ಅಕ್ಟೋಬರಿನಲ್ಲಿ ಪಾಸು! ನರ್ಸ್ ಟ್ರೈನಿಂಗಿಗೆ ಅರ್ಜಿ ಹಾಕಿದಳು. ಆಗ ಲಕ್ಕಣ್ಣ ಹೊಸ ಷರತ್ತು ತೆಗೆದ: ಹೆಂಡತಿ ನರ್ಸೇ ಆಗಬೇಕು.

ಆ ಡಿಸೆಂಬರಿನಲ್ಲಿ ಒಂದು ಮಧ್ಯಾಹ್ನ ದ್ಯಾವಮ್ಮ ಸೊಸೆಯ ಪಕ್ಕ ಬಂದು ಕೂತಳು. ಅಜ್ಜಂಪುರಕ್ಕೆ ಕೊಟ್ಟ ಮಗಳು ಹಾಲಮ್ಮನ ಹುಡುಗಿಗೆ ಹದಿಮೂರು. ಮಾರನೇ ದಿನ ಅದರ ವೀಳ್ಯವಂತೆ.

"ಆ ಮಗೀಗೆ ಸೋದರಮಾವ ಯಾರೇ?" ಎಂದಳು ದ್ಯಾವಮ್ಮ, ಗೋಡೆ ನೋಡುತ್ತಾ.

"ನಿಮ್ ಮಗನೇ ಅಲ್ವಾ ಅತ್ತೆ?"

ಗಿಡ್ಡಪ್ಪ ಬೀಡಿ ಬಿಸಾಕಿ ಎದ್ದ. "ನಾನು ಹೋಗಲ್ಲ! ಮದುವೆಯಾದೋನು ಯಾವ ಮುಖ ಇಟ್ಕಂಡು ಹಕ್ಕು ಹೇಳ್ಲಿ?"

"ಕಟ್ಕ ಅಂತ ಯಾರೂ ಹೇಳ್ಲಿಲ್ಲ. ಇಲ್ಲ ಅನ್ನು, ಸಾಕು" ಎಂದಳು ದ್ಯಾವಮ್ಮ.

"ಯಾಕೆ ಅಂತ ಕೇಳಿದ್ರೆ?"

"ಅದಕ್ಕೆ ನಾನೂ ಬತ್ತೀನಿ" ಎಂದು ಅಂಬಮ್ಮ ಸೀರೆ ಕೊಡವಿ ಎದ್ದಳು.

ಮರುದಿನ ಅಜ್ಜಂಪುರದ ಬಸ್ಸಿನ ಬಾಗಿಲಲ್ಲಿ ಗಿಡ್ಡಪ್ಪ ಮತ್ತೆ ಹಿಂದೇಟು ಹಾಕಿದ. ಎಪ್ಪತ್ತರ ಹತ್ತಿರದ ದ್ಯಾವಮ್ಮ ಎರಡೂ ಕೈಯಿಂದ ಅವನ ಬೆನ್ನು ನೂಕಿದಳು.

"ಹತ್ತೋ ಮುಂದಕ್ಕೆ!"