ಮಾಳೇಶನ ಚೆಂಡು, ಮಾವನ ಡೊಳ್ಳು

ಐಗಳಿಯ ಮಾಳೇಶ ಬಾಡಿಗೆ ಬೌಲರ್. ಕಬ್ಬಿನ ಕಟಾವು ಮುಗಿದ ಮೇಲೆ ನಿಪ್ಪಾಣಿ, ರಾಯಬಾಗ, ಚಿಕ್ಕೋಡಿ ಕಡೆ ಟೆನಿಸ್ ಚೆಂಡಿನ ಪಂದ್ಯಗಳು ಶುರುವಾಗುತ್ತವೆ. ಯಾರು ಕರೆದರೆ ಅವರ ಅಂಗಿ ತೊಟ್ಟು ಆಡುತ್ತಾನೆ. ಉಳಿದ ದಿನ ಕುರಿ ಕಾಯುತ್ತಾನೆ. ಅಮಾವಾಸ್ಯೆಗೆ ಬೀರದೇವರ ಗುಡಿಯಲ್ಲಿ ಸೋದರಮಾವ ಭರಮುವಿನ ಮೇಳದಲ್ಲಿ ಡೊಳ್ಳು ಬಾರಿಸುತ್ತಾನೆ.

ಚೆಂಡು ಹಿಡಿದು ಬರುವಾಗ ಅವನು ಓಡುತ್ತಿದ್ದಾನೆ ಅನಿಸುವುದಿಲ್ಲ, ನೀರಿನ ಮೇಲೆ ತೇಲಿ ಬಂದಂತಿರುತ್ತದೆ. ತುಟಿಗಳು ಅಲುಗುತ್ತಿರುತ್ತವೆ. ಡೊಳ್ಳಿನ ಪದವೊಂದನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಾನೆ. ಅದರ ಪೆಟ್ಟಿಗೆ ಹೆಜ್ಜೆ ಬೀಳುತ್ತದೆ.

ಇದನ್ನು ಪತ್ತೆ ಹಚ್ಚಿದವನು ಶೇಡಬಾಳ ತಂಡದ ನಾಯಕ ಶೀತಲ. ಕಳೆದ ಬೇಸಿಗೆಯ ಫೈನಲ್ ಅವರ ಊರಿನಲ್ಲೇ ಇತ್ತು. ಮಾಳೇಶ ನಿಪ್ಪಾಣಿಯವರ ಪರ ಆಡುತ್ತಿದ್ದ. ಹಿಂದಿನ ಪಂದ್ಯಗಳಲ್ಲಿ ಚೆನ್ನಾಗಿ ಎಸೆದಿರಲಿಲ್ಲ. ಈ ಸಲವೂ ಹಾಗಾದರೆ ಮುಂದಿನ ವರ್ಷ ಕರೆಯುವುದಿಲ್ಲವೆಂದು ಅವರ ನಾಯಕ ಈಶ್ವರ ಹೇಳಿಬಿಟ್ಟಿದ್ದ. ಒಂದು ತಂಡ ಕೈಬಿಟ್ಟರೆ ಉಳಿದವರೂ ಬಿಡುತ್ತಾರೆ.

ಕೊನೆಯ ಓವರ್. ಶೇಡಬಾಳಕ್ಕೆ ಉಳಿದದ್ದು ಒಂದೇ ವಿಕೆಟ್. ಬ್ಯಾಟು ಶೀತಲನ ಕೈಯಲ್ಲಿ. ಮಾಳೇಶ ಹೊರಟ ಹೊತ್ತಿಗೇ ಬೌಂಡರಿಯಾಚೆಯ ಬೇವಿನ ಮರದ ಕೆಳಗೆ ಡೊಳ್ಳು ಗುಡುಗಿತು. ಬಾರಿಸುತ್ತಿದ್ದವನು ಭರಮು. ಶೀತಲ ವೀಳ್ಯ ಕೊಟ್ಟು ಕರೆಸಿದ್ದ. ಅಳಿಯ ಆಡುವ ಪಂದ್ಯಕ್ಕೆ ತನ್ನ ಡೊಳ್ಳು ಬೇಕಂತೆ ಎಂದು ಮುದುಕ ಹಿಗ್ಗಿ ಬಂದಿದ್ದ. ಆ ಪೆಟ್ಟು ಮಾಳೇಶನ ಮನಸ್ಸಿನ ಪೆಟ್ಟಿಗಿಂತ ಚುರುಕು. ಕಾಲು ಅದರ ಹಿಂದೆ ಹೋಗಿ ಗೆರೆ ದಾಟಿತು. ನೋ ಬಾಲ್. ಮುಂದಿನ ಚೆಂಡನ್ನು ಶೀತಲ ಬೌಂಡರಿಗೆ ಅಟ್ಟಿದ. ಶೇಡಬಾಳ ಗೆಲ್ಲಲು ಇನ್ನೊಂದು ಅಂಥದೇ ಹೊಡೆತ ಸಾಕಿತ್ತು.

"ಕಾಲು ನಿಂದೋ, ನಿಮ್ಮ ಮಾವಂದೋ ಲೇ?" ಶೀತಲ ನಕ್ಕ.

ಈಶ್ವರ ಓಡಿ ಬಂದ. "ಹೋಗಿ ನಿಮ್ಮ ಮಾವಗ ನಿಲ್ಲಸಂತ ಹೇಳ."

"ವೀಳ್ಯಾ ಹಿಡದಾನ್ರಿ. ಪದಾ ಮುಗಿಯೂತನಕ ಡೊಳ್ಳ ಕೆಳಗ ಇಡಾಂಗಿಲ್ಲ."

"ಹಂಗಾರ ನೀನೂ ಅಲ್ಲೇ ಹೋಗಿ ಬಾರಿಸ್ಕೋಂತ ನಿಲ್ಲ!"

ಮಾಳೇಶ ತನ್ನ ಗುರುತಿಗಿಂತ ಹಿಂದಕ್ಕೆ ಹೋಗಿ ನಿಂತ. ಕೇಳುತ್ತ ನಿಂತ. ಬಿಸಿಲು, ದ್ರಾಕ್ಷಿ ತೋಟದ ಗಾಳಿ, ಜನರ ಕೂಗು ಎಲ್ಲ ದೂರ ಸರಿದು ಡೊಳ್ಳೊಂದೇ ಉಳಿಯಿತು. ಆ ಪದ ಅವನಿಗೆ ಬಾಯಿಪಾಠ. ಅದರ ಒಂದೊಂದು ನುಡಿ, ಅಂದರೆ ಚರಣ, ಮುಗಿದಾಗ ದೇವರ ಹೆಸರು ಹೇಳಲು ಡೊಳ್ಳು ಒಂದು ಉಸಿರಿನಷ್ಟು ಸುಮ್ಮನಾಗುತ್ತದೆ. ಅತ್ತ ಶೀತಲನ ಬ್ಯಾಟೂ ಅದೇ ಪೆಟ್ಟಿಗೆ ನೆಲ ತಟ್ಟುತ್ತಿತ್ತು. ಅದು ಅವನಿಗೆ ತಿಳಿದಂತಿರಲಿಲ್ಲ.

ನುಡಿ ಮುಗಿಯುತ್ತ ಬಂದಾಗ ಮಾಳೇಶ ಹೊರಟ. ಈ ಸಲ ಹೆಜ್ಜೆಯನ್ನು ಮಾವನ ಕೈಗೇ ಒಪ್ಪಿಸಿದ್ದ. ಡೊಳ್ಳು ನಿಂತಿತು. ಚೆಂಡು ಆ ಮೌನದೊಳಗೆ ಹೋಯಿತು. ಪೆಟ್ಟಿಗಾಗಿ ಕಾದಿದ್ದ ಬ್ಯಾಟು ಮೇಲೆಯೇ ಉಳಿಯಿತು, ಹಿಂದೆ ಸ್ಟಂಪು ಉರುಳಿತು.

"ಮುಂದಿನ ವರ್ಷಾನೂ ನೀನಽ ಬರಬೇಕ ನೋಡಪಾ," ಎಂದು ಈಶ್ವರ ಅವನ ಹೆಗಲು ಹಿಡಿದು ಅಲುಗಾಡಿಸಿದ.

"ಬರ್ತೇನ್ರಿ," ಎಂದ ಮಾಳೇಶ, ನಿದ್ದೆಯಿಂದ ಎದ್ದವನಂತೆ. "ಚೆಂಡ ಯಾವಾಗ ಕೈ ಬಿಟ್ಟಿತೋ, ನನಗ ಗೊತ್ತಾಗಲಿಲ್ಲ."