ವೆಂಬ್ಲಿ ಬಸ್ಸಿನ ಸತ್ಯಾಗ್ರಹ

ಲಂಡನ್ನಿನ ವೆಂಬ್ಲಿಯ ಬಸ್ಸು ತುಂಬಿತ್ತು. ನಿಂತಿದ್ದ ನನ್ನ ಮೊಣಕಾಲುಗಳು ಸೀಟಿಗಾಗಿ ಮೊರೆಯಿಡುತ್ತಿದ್ದವು. ಎದುರಿಗೆ ನನಗೆ ಆತಿಥ್ಯ ಕೊಟ್ಟ ಧಾರವಾಡದ ಅಜ್ಜಿ ಮತ್ತು ಟೋಪಿ, ಕನ್ನಡಕ ಧರಿಸಿದ ಮೊಮ್ಮಗಳು ಕೂತಿದ್ದರು. ಬಿಳಿಯರಿಗೆ ಬಸ್ಸಿನ ಸೀಟು ಬಿಟ್ಟುಕೊಡದೆ ಬಂಧನಕ್ಕೊಳಗಾದ ಅಮೆರಿಕದ ಕಪ್ಪು ಮಹಿಳೆಯ ವೇಷವದು. ಇವತ್ತು ಶಾಲೆಯಲ್ಲಿ ಪ್ರದರ್ಶನ.

"ಏಳವ್ವಾ, ಅಜ್ಜಾರು ನಿಂತಾರ."

"ನೋ ಅಜ್ಜಿ. ಶಿ ಡಿಡಂಟ್ ಗೆಟ್ ಅಪ್."

"ಆಕಿ ದಬ್ಬಾಳಿಕಿಗೆ ಏಳಲಿಲ್ಲ. ಇವರ ಮೊಣಕಾಲು ಏನ್ ದಬ್ಬಾಳಿಕಿ ಮಾಡ್ಯಾವ?"

ಇತಿಹಾಸದ ತಪ್ಪು ಪಕ್ಷ ಸೇರುವುದಕ್ಕಿಂತ ನಿಂತೇ ಹೋಗುವುದು ಮೇಲೆನಿಸಿ, "ಕೂತಿರು ತಾಯಿ, ಯಾರು ಹೇಳಿದರೂ ಏಳಬೇಡ" ಎಂದೆ.

ಹುಡುಗಿ ಸ್ವಲ್ಪ ಯೋಚಿಸಿ, ಟೋಪಿ ಸರಿಪಡಿಸಿಕೊಂಡು ತಾನಾಗಿಯೇ ಎದ್ದಳು.

"ನೌ ನೋಬಡಿ ಈಸ್ ಟೆಲಿಂಗ್ ಮಿ. ಪ್ಲೀಸ್ ಸಿಟ್."

ಕೂತೆ. ಯಾವ ಸಭೆಯ ಮುಂದಿನ ಸಾಲಿನಲ್ಲೂ ಅಷ್ಟು ಮರ್ಯಾದೆಯಿಂದ ಕೂತವನಲ್ಲ.